ಮಿಲ್ ನಿಂತ ಮೇಲೂ ನಿಲ್ಲದ ಸದ್ದು

ಭದ್ರಾ ನದಿಯ ದಂಡೆಯಲ್ಲಿ ಕಬ್ಬಿಣ ಕರಗಿಸುವ ದಿವಾನ್ ವಿಶ್ವೇಶ್ವರಯ್ಯನವರ ಕನಸು 1923ರಲ್ಲಿ ನನಸಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಸುತ್ತಲ ಕಾಡಿನದು. 1930ರ ದಶಕದಲ್ಲಿ ಉಕ್ಕೂ ಬಂತು, ಜೊತೆಗೆ ಕಾಗದದ ಕಾರ್ಖಾನೆ ಎಂಪಿಎಂ. ಭದ್ರಾವತಿಗೆ ಅನ್ನ ಕೊಟ್ಟ ಈ ಕಾರ್ಖಾನೆಗಳಲ್ಲಿ ಸದ್ದಿಲ್ಲದ ಪಾಳಿ ಇರಲಿಲ್ಲ. ಎಂಪಿಎಂ ಬಾಗಿಲು ಹಾಕಿ ವರ್ಷಗಳೇ ಆದವು, ಕಬ್ಬಿಣ-ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಕುಂಟುತ್ತಿದೆ. ಇಂಥ ಕೆಲಸದಲ್ಲಿ ಆಯುಸ್ಸು ಸವೆಸಿದವರ ಕಿವಿ ಮಾತ್ರ ನಿವೃತ್ತಿಯ ನಂತರವೂ ಗುಂಯ್ ಎನ್ನುತ್ತಿರಬಹುದು. ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ. ಸುಶ್ರುತ ಸಂಹಿತೆ ಪಟ್ಟಿ ಮಾಡಿದ 28 ಕರ್ಣರೋಗಗಳಲ್ಲಿ ಕರ್ಣನಾದವೂ ಒಂದು.

ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಜೋರು ಸದ್ದಿಗೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಗ ಮಿದುಳಿಗೆ ಬರುವ ಸುದ್ದಿ ಕಡಿಮೆಯಾಗುತ್ತದೆ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೊದ ವಾಲ್ಯೂಮ್ ಏರಿಸಿದ ಹಾಗೆ ಮಿದುಳು ತನ್ನ ಸಂವೇದನೆಯನ್ನೇ ಏರಿಸಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಗಡ್ಡೆ ತೆಗೆಯಲು ಶ್ರವಣನರವನ್ನೇ ಕತ್ತರಿಸಿದ ಮೇಲೂ ಹಲವರಿಗೆ ಸದ್ದು ಉಳಿದದ್ದನ್ನು ಶಸ್ತ್ರವೈದ್ಯರು ಕಂಡಿದ್ದಾರೆ. ಹಾಗಾಗಿ ಮದ್ದನ್ನು ಕಿವಿಯಾಚೆಗೂ ಹುಡುಕಬೇಕಾಯಿತು.

ಆ ಹುಡುಕಾಟಕ್ಕೆ ಬೇಕಾದ ಯಂತ್ರ ಹುಟ್ಟಿದ್ದು ಬೇರೆಯದೇ ಕಾರಣಕ್ಕೆ. ಭದ್ರಾವತಿಯ ಕುಲುಮೆ ಹೊತ್ತಿದ ಮರುವರ್ಷ, 1924ರಲ್ಲಿ, ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ತಲೆಯ ಮೇಲಿಂದ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಅದೇ ಇಂದಿನ ಇಇಜಿ. ತನ್ನ ಆಲ್ಫಾ ಅಲೆ ಯಾವಾಗ ಏಳುತ್ತದೆಂದು ಗುರುತಿಸಲು ಮನುಷ್ಯ ಕಲಿಯಬಲ್ಲ ಎಂದು ಅಮೆರಿಕದ ಜೋ ಕಾಮಿಯಾ ತೋರಿಸಿದರು. 1960ರ ದಶಕದಲ್ಲಿ ಬ್ಯಾರಿ ಸ್ಟರ್ಮನ್ ಒಂದು ನಿರ್ದಿಷ್ಟ ಮಿದುಳಲೆ ಹೆಚ್ಚಿಸಿದ ಬೆಕ್ಕುಗಳಿಗೆ ಬಹುಮಾನವಾಗಿ ಆಹಾರ ಕೊಟ್ಟರು. ಮುಂದೆ ರಾಕೆಟ್ ಇಂಧನದ ವಿಷವನ್ನು ಪರೀಕ್ಷಿಸುವಾಗ ಅವೇ ಬೆಕ್ಕುಗಳು ಸೆಳವಿಗೆ ಬೇಗ ಬಲಿಯಾಗಲಿಲ್ಲ. ಯಾರೂ ನಿರೀಕ್ಷಿಸದ ಈ ಫಲದಿಂದ ಮಿದುಳಲೆ ಪಳಗಿಸುವ ಈ ತರಬೇತಿ, ಅಂದರೆ ನ್ಯೂರೋಫೀಡ್‌ಬ್ಯಾಕ್, ಚಿಕಿತ್ಸೆಯ ಹಾದಿ ಹಿಡಿಯಿತು, ಮೊದಲು ಅಪಸ್ಮಾರಕ್ಕೆ.

ಟಿನಿಟಸ್‌ಗೆ ಅದು ಬಂದದ್ದು ತಡವಾಗಿ. ಈ ತೊಂದರೆಯಿರುವವರ ಮಿದುಳಿನಲ್ಲಿ ಆಲ್ಫಾ ಅಲೆ ಕಡಿಮೆ, ಡೆಲ್ಟಾ ಅಲೆ ಹೆಚ್ಚು ಎಂದು ಜರ್ಮನಿಯ ಕಾನ್‌ಸ್ಟಾನ್ಜ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. 2007ರಲ್ಲಿ ಅದೇ ಅನುಪಾತವನ್ನು ತಿರುಗಿಸುವ ತರಬೇತಿಯನ್ನೂ ವರದಿ ಮಾಡಿದರು. ರೋಗಿ ಪರದೆಯ ಮುಂದೆ ಕೂರುತ್ತಾನೆ. ಅಲೆ ಬೇಕಾದ ಕಡೆ ಸರಿದಾಗ ಪರದೆಯ ಚಿತ್ರವೂ ಸರಿಯುತ್ತದೆ. ಹಲವು ಸಲ ಕೂತು ಅದನ್ನು ಅಭ್ಯಾಸ ಮಾಡಿಕೊಳ್ಳುತ್ತಾನೆ.

ಫಲವೇನು? ಕೆಲವರಿಗೆ ಕಿರಿಕಿರಿ ಇಳಿದಿದೆ. ಅದು ಅಲೆ ಬದಲಾದದ್ದರಿಂದಲೋ, ಆರೈಕೆ ಮತ್ತು ನಿರೀಕ್ಷೆಯಿಂದಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಮೆರಿಕದ ಇಎನ್‌ಟಿ ತಜ್ಞರ ಸಂಸ್ಥೆ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಶಿಫಾರಸು ಮಾಡುವುದು ಶ್ರವಣ ಪರೀಕ್ಷೆಯನ್ನು, ಕಿವಿ ಮಂದವಿದ್ದರೆ ಶ್ರವಣಸಾಧನವನ್ನು, ಮತ್ತು ಸದ್ದಿನೊಡನೆ ಬದುಕಲು ಮನಸ್ಸನ್ನು ಹದಗೊಳಿಸುವ ಸಿಬಿಟಿ ಎಂಬ ಆಪ್ತಸಮಾಲೋಚನೆಯನ್ನು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋಫೀಡ್‌ಬ್ಯಾಕ್ ಕುರಿತ ಸಂಶೋಧನೆ ನಡೆದಿರುವುದು ನಿಜ, ಹೆಚ್ಚಾಗಿ ತಲೆಗೆ ಪೆಟ್ಟಾದವರಂಥವರ ಮೇಲೆ. ಟಿನಿಟಸ್ ವಾಸಿಯೇ ಆಗುತ್ತದೆಂದು ಭರವಸೆ ಕೊಟ್ಟು ದೊಡ್ಡ ಮೊತ್ತ ಕೇಳುವವರನ್ನು ಇವತ್ತಿನ ಮಟ್ಟಿಗೆ ನಾನು ನಂಬಲಾರೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಸದ್ದಿನಿಂದಾಗುವ ಕಿವುಡನ್ನು 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಗೆ ಮುಂದೆ ತಿದ್ದುಪಡಿಯಲ್ಲಿ ಸೇರಿಸಲಾಗಿತ್ತು. ವೈದ್ಯರು ಅದನ್ನು ವರದಿ ಮಾಡಲೇಬೇಕಿತ್ತು. ಮಿದುಳಲೆಯನ್ನು ಪಳಗಿಸುವುದಕ್ಕಿಂತ ಇಯರ್ ಮಫ್ ತೊಡಿಸುವುದು ಎಷ್ಟೋ ಅಗ್ಗ. ಶಿವಮೊಗ್ಗ, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಇಂದು ಗ್ರೈಂಡಿಂಗ್ ಮಾಡುತ್ತಿರುವ ಹುಡುಗರಿಗೆ ಅದು ಸಿಗಲೇಬೇಕು, ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆಯೂ ಆಗಬೇಕು.

ಈಗಾಗಲೇ ಸದ್ದು ಕೇಳುತ್ತಿರುವ ಹಿರಿಯರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಹೋಗಿ ಮೊದಲು ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಬಡಿತದ ತಾಳಕ್ಕೆ ಕೇಳುತ್ತಿದ್ದರೆ, ಅಥವಾ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ತಡಮಾಡಬೇಡಿ.