ಘಾಟಿಯಲ್ಲಿ ಕುದಿಯುವ ಲಾರಿ, ಹಿತ್ತಾಳೆ ಬಲ್ಲ ಕೈ

ಮಂಗಳೂರು ಬಂದರಿನಿಂದ ಲೋಡು ಹೇರಿಕೊಂಡು ಹೊರಟ ಹಳೆಯ ಲಾರಿಗೆ ಗುಂಡ್ಯದವರೆಗೆ ಅಂಥ ಕಷ್ಟವೇನಿಲ್ಲ. ಶಿರಾಡಿ ಘಾಟಿಯ ಏರು ಶುರುವಾಗುವುದು ಅಲ್ಲಿಂದ ಮುಂದೆ. ಸಕಲೇಶಪುರ ಮುಟ್ಟುವಷ್ಟರಲ್ಲಿ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಏರಿರಬೇಕು. ಕೆಳಗಿನ ಗೇರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿ ಮಾತ್ರ ತೆವಳುತ್ತಿರುತ್ತದೆ. ಎದುರುಗಾಳಿಯ ನೆರವಿಲ್ಲ, ಫ್ಯಾನ್ ಎಳೆದುಕೊಂಡಷ್ಟೇ ಗಾಳಿ. ಮೇಲೇರಿದಂತೆ ನೀರು ಕುದಿಯುವ ಬಿಂದುವೂ ಇಳಿಯುತ್ತದೆ: ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತಿರುವಿನ ಬದಿಯಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ತೆರೆದು, ಕ್ಯಾನ್ ಹಿಡಿದು ಕಾಯುವ ಕ್ಲೀನರ್‌ನನ್ನು ಆ ದಾರಿಯಲ್ಲಿ ಓಡಾಡಿದವರು ನೋಡಿಯೇ ಇರುತ್ತಾರೆ.

ಆ ಲಾರಿ ಕೊನೆಗೆ ಬಂದು ನಿಲ್ಲುವುದು ರೇಡಿಯೇಟರ್ ಅಂಗಡಿಯ ಮುಂದೆ. ಹೆದ್ದಾರಿಯ ಊರುಗಳಲ್ಲಿ, ಬೆಂಗಳೂರಿನ ಕಲಾಸಿಪಾಳ್ಯದಂಥ ಕಡೆ, ಬೆಸುಗೆ ಹೊಗೆಯಿಂದ ಕಪ್ಪಾದ ಗೋಡೆಗಳ ನಡುವೆ ನಡೆಯುವ ಕಸುಬು ಇದು. ಹೊರಗಿನವರಿಗೆ ತೂತು ಮುಚ್ಚುವ ಕೆಲಸದಂತೆ ಕಂಡೀತು. ಆದರೆ ಒಳ್ಳೆಯ ಕಸುಬುದಾರ ಸ್ಪ್ಯಾನರ್ ಮುಟ್ಟುವ ಮೊದಲು ಡ್ರೈವರ್‌ನನ್ನು ಒಂದು ಪ್ರಶ್ನೆ ಕೇಳುತ್ತಾನೆ: ಗಾಡಿ ಯಾವಾಗ ಹೀಟ್ ಆಗುತ್ತೆ? ಅವನ ವಿದ್ಯೆಯ ಅರ್ಧ ಈ ಪ್ರಶ್ನೆಯಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಡೀಸೆಲ್ ಉರಿದು ಹುಟ್ಟಿದ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊರಹೋದರೆ ಉಳಿದ ದೊಡ್ಡ ಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದಿಂದ ಆರಂಭವಾದ ಟಾಟಾ ಲಾರಿಗಳು, ಆಮೇಲೆ ಊರೂರಿಗೂ ಪರಿಚಿತವಾದ 1210, ಅಶೋಕ್ ಲೇಲ್ಯಾಂಡಿನ ಕಾಮೆಟ್ ಎಲ್ಲಕ್ಕೂ ಲೆಕ್ಕ ಒಂದೇ. 1210ರಲ್ಲಿ ಬರುತ್ತಿದ್ದ 697 ಎಂಜಿನ್ನಿನ ಸಂಖ್ಯೆಯಲ್ಲೇ ಅದರ ಜಾತಕವಿದೆ: ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ದೋಷದ ಕೋಡ್ ತೋರಿಸುವ ಪರದೆಯಿಲ್ಲ. ಕಣ್ಣು, ಕೈ, ಕಿವಿಯಿಂದಲೇ ಹುಡುಕಬೇಕು.

ಡ್ರೈವರನ ಉತ್ತರದ ಮೇಲೆ ಹುಡುಕುವ ದಾರಿ ಕವಲೊಡೆಯುತ್ತದೆ. ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಬಿಸಿಯಾಗಿ, ಬಯಲಿನಲ್ಲಿ ಓಡುವಾಗ ಸರಿಹೋಗುತ್ತದೆ ಎಂದರೆ ಕೊರತೆ ಗಾಳಿಯದು. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು ಅಥವಾ ಗಾಜಿನಂತೆ ನುಣುಪಾಗಿ ಜಾರುತ್ತಿರಬಹುದು. ಎಷ್ಟೋ ಹಳೆಯ ಗಾಡಿಗಳಲ್ಲಿ ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಯಾವುದೋ ರಿಪೇರಿಯಲ್ಲಿ ಬಿಚ್ಚಿದವರು ಮತ್ತೆ ಹಾಕಿರುವುದಿಲ್ಲ; ಆಗ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ. ಮೆಕ್ಕೆಜೋಳದ ಸಿಪ್ಪೆ, ಭತ್ತದ ಹೊಟ್ಟು, ಹುಳುಹುಪ್ಪಟೆ ರೇಡಿಯೇಟರಿನ ಕೋರಿನಲ್ಲಿ, ಅಂದರೆ ಕೊಳವೆಗಳ ಜಾಲದಲ್ಲಿ, ತಗಡಿನ ಎಲೆಗಳ ನಡುವೆ ಸೇರಿಕೊಂಡಿದ್ದರೆ ಗಾಳಿಯ ಪೈಪನ್ನು ಎಂಜಿನ್ ಕಡೆಯಿಂದ ಹಿಡಿದು ಊದಬೇಕು. ಮುಂದಿನಿಂದ ಊದಿದರೆ ಕಸ ಇನ್ನಷ್ಟು ಒಳಗೆ ಕೂರುತ್ತದೆ.

ನಿಂತಾಗ ತಂಪು, ಲೋಡಿನಲ್ಲಿ ಏರು ಹತ್ತುವಾಗ ಮಾತ್ರ ಬಿಸಿ ಎಂದರೆ ನೀರಿನ ಹರಿವಿನ ಮೇಲೆ ಅನುಮಾನ. ಕೋರ್ ಅರ್ಧ ಕಟ್ಟಿದೆಯೋ, ನೀರಿನ ಪಂಪಿನ ರೆಕ್ಕೆ ತುಕ್ಕು ಹಿಡಿದು ಸವೆದಿದೆಯೋ ನೋಡಬೇಕು. ಕೆಳಗಿನ ಹೋಸ್ ಬಗ್ಗೆ ಒಂದು ವಿಶೇಷವಿದೆ. ಅದು ಪಂಪು ನೀರು ಹೀರುವ ಕಡೆ. ರಬ್ಬರ್ ಮೆತ್ತಗಾಗಿ ಒಳಗಿನ ಸ್ಪ್ರಿಂಗ್ ತುಂಡಾಗಿದ್ದರೆ, ಎಂಜಿನ್ ಜೋರಾಗಿ ತಿರುಗುವಾಗ ಹೋಸ್ ಚಪ್ಪಟೆಯಾಗಿ ನೀರು ನಿಂತುಬಿಡುತ್ತದೆ. ಅಂಗಡಿಯಲ್ಲಿ ಐಡಲಿನಲ್ಲಿ ಅದು ಗುಂಡಗೇ ಕಾಣುತ್ತದೆ. ಯಾರಾದರೂ ಆಕ್ಸಿಲರೇಟರ್ ಒತ್ತಿದಾಗ ಪಕ್ಕದಲ್ಲಿ ಬಗ್ಗಿ ನೋಡಿದವರಿಗಷ್ಟೇ ದೋಷ ಸಿಗುತ್ತದೆ. ಇನ್ನು ಡೀಸೆಲ್ ಪಂಪಿನ ಟೈಮಿಂಗ್ ಹಿಂದೆ ಬಿದ್ದಿರುವುದು, ಬ್ರೇಕ್ ಹಿಡಿದುಕೊಂಡಿರುವುದು, ಮಿತಿ ಮೀರಿದ ಲೋಡು ಇವೂ ಏರಿನಲ್ಲೇ ಬಣ್ಣ ಬಯಲು ಮಾಡುತ್ತವೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿದು, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ರೇಡಿಯೇಟರ್ ಕೆಲಸದವನು ಆಗ ಪ್ರಾಮಾಣಿಕವಾಗಿ ಗಾಡಿಯನ್ನು ಎಂಜಿನ್ ಮೆಕ್ಯಾನಿಕ್ ಬಳಿ ಕಳಿಸಬೇಕು. ಇದೆಲ್ಲಕ್ಕೂ ಮೊದಲು ಮೀಟರಿನ ಮುಳ್ಳು ನಿಜ ಹೇಳುತ್ತಿದೆಯೇ ಎಂದು ನೋಡುವುದೂ ಮುಖ್ಯ. ಈಗ ಇನ್‌ಫ್ರಾರೆಡ್ ಥರ್ಮಾಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಥರ್ಮೋಸ್ಟಾಟ್ ಇರುವ ಜಾಗಕ್ಕೆ ಹಿಡಿದರೆ ವಿಷಯ ಸ್ಪಷ್ಟ.

ಥರ್ಮೋಸ್ಟಾಟ್ ಎಂದ ಮೇಲೆ ಒಂದು ಮಾತು ಹೇಳಲೇಬೇಕು. ಹೀಟ್ ಆಗುವ ಗಾಡಿಯ ಈ ವಾಲ್ವ್ ಕಿತ್ತೆಸೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದು ತಪ್ಪು. ಸುಮಾರು 80 ಡಿಗ್ರಿಗೆ ತೆರೆಯುವ ಆ ಮೇಣದ ವಾಲ್ವ್ ಇಲ್ಲದಿದ್ದರೆ ಬಯಲಿನಲ್ಲಿ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರಿನ ಲೈನರ್ ಬೇಗ ಸವೆಯುತ್ತದೆ. ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಬಗೆಯ ವಾಲ್ವ್ ಆಗಿದ್ದರಂತೂ, ಅದನ್ನು ತೆಗೆದ ಮೇಲೆ ಒಂದಷ್ಟು ನೀರು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿನೊಳಗೇ ಸುತ್ತಿ, ಏರಿನಲ್ಲಿ ಬಿಸಿ ಹೆಚ್ಚುತ್ತದೆ. ವಾಲ್ವನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ತೆರೆಯುತ್ತದೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ತೊಂದರೆಗಳ ಮೂಲ ಬಹುಪಾಲು ನಾವು ಹಾಕುವ ನೀರು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಕಾದಾಗ ಅದು ಗಟ್ಟಿಯಾಗಿ ಲೋಹಕ್ಕೆ ಅಂಟುತ್ತದೆ, ಆ ಪದರ ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಸೋರುವ ಗಾಡಿಗೆ ದುಬಾರಿ ಕೂಲಂಟ್ ಯಾಕೆ ಎಂದು ಡ್ರೈವರ್ ಢಾಬಾದ ನಲ್ಲಿ ನೀರು ತುಂಬುತ್ತಾನೆ. ಸೋರಿಕೆ ನಿಲ್ಲಿಸಲು ಒಂದು ಹಿಡಿ ಅರಿಶಿನ ಪುಡಿ ಹಾಕುತ್ತಾನೆ. ಅರಿಶಿನ ಸಣ್ಣ ತೂತನ್ನು ಮುಚ್ಚಿ ಊರು ಮುಟ್ಟಿಸುವುದುಂಟು, ನಡುದಾರಿಯಲ್ಲಿ ಸಿಕ್ಕಿಕೊಂಡವನ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಅದೇ ಪುಡಿ ಸುಣ್ಣ, ತುಕ್ಕಿನೊಂದಿಗೆ ಕಲೆತು ಚೆನ್ನಾಗಿದ್ದ ಕೊಳವೆಗಳನ್ನೂ ಕಟ್ಟುತ್ತದೆ.

ಆ ಕಟ್ಟಿದ ಕೋರನ್ನು ಬಿಡಿಸುವುದೇ ಈ ಅಂಗಡಿಯ ದೊಡ್ಡ ಕೆಲಸ. ಇಳಿಸಿದ ರೇಡಿಯೇಟರಿನ ಕೆಳಬಾಯಿ ಮುಚ್ಚಿ ನೀರು ತುಂಬಿ ಒಮ್ಮೆಲೇ ಬಿಡುತ್ತಾರೆ. ಬಾಯಿ ತುಂಬ ಧುಮುಕಬೇಕಾದ ನೀರು ಸೊರಗಿ ಇಳಿದರೆ ಕೋರ್ ಕಟ್ಟಿದೆ. ಗ್ಯಾಸ್ ಜ್ವಾಲೆಯನ್ನು ಮೇಲಿನ ಟ್ಯಾಂಕಿನ ಅಂಚಿಗುಂಟ ಓಡಿಸುತ್ತಾ ಹೋದಂತೆ ತವರ-ಸೀಸದ ಬೆಸುಗೆ ಹೊಳೆದು ಕರಗುತ್ತದೆ. ಅದು 183 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರುವಾಗುವ ಮಿಶ್ರಲೋಹ. ಜ್ವಾಲೆ ಒಂದೇ ಕಡೆ ನಿಂತರೆ ಪಕ್ಕದ ಕೊಳವೆಗಳ ಬೆಸುಗೆಯೂ ಬಿಟ್ಟುಹೋಗುತ್ತದೆ. ಟ್ಯಾಂಕ್ ಎತ್ತಿದಾಗ ಚಪ್ಪಟೆ ಹಿತ್ತಾಳೆ ಕೊಳವೆಗಳ ಬಾಯಿಗಳು ಸಾಲುಸಾಲಾಗಿ ಕಾಣುತ್ತವೆ, ಅರ್ಧಕ್ಕರ್ಧ ಬಿಳಿ ಹುಣ್ಣು ಕಟ್ಟಿದಂತೆ ಮುಚ್ಚಿರುತ್ತವೆ. ಕೊಳವೆಯ ಅಳತೆಗೆ ತಕ್ಕ ತೆಳು ಉಕ್ಕಿನ ಪಟ್ಟಿಯನ್ನು ಒಂದೊಂದರಲ್ಲೂ ಇಳಿಸಿ ಎಳೆಯಬೇಕು. ಗೋಡೆ ತೀರಾ ತೆಳು. ಜೋರು ಮಾಡಿದರೆ ಸೀಳುತ್ತದೆ. ಪಟ್ಟಿ ಎಲ್ಲಿ ತಡೆಯಿತು, ತಡೆದದ್ದು ಕೆಸರೋ ಕಲ್ಲೋ ಎಂಬುದು ಬೆರಳಿಗೆ ಗೊತ್ತಾಗಬೇಕು. ಕೆಳಗಿನಿಂದ ಕಂದು ರಾಡಿ ಇಳಿದು, ತೊಳೆದಂತೆ ತಿಳಿಯಾಗುತ್ತದೆ. ಸತು ಕರಗಿಸಿದ ಆಮ್ಲ ಸವರಿ ಟ್ಯಾಂಕನ್ನು ಮತ್ತೆ ಬೆಸೆದು, ಒಳಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ಸೀಸದ ಹೊಗೆ, ಆಮ್ಲದ ಆವಿ ಎರಡೂ ಆರೋಗ್ಯಕ್ಕೆ ಕೆಟ್ಟವು. ಮುಖಕ್ಕೊಂದು ಬಟ್ಟೆಯೂ ಇಲ್ಲದೆ ದಿನವಿಡೀ ಅಲ್ಲಿ ಕೂರುವವರಿಗೆ ಹೊಗೆ ಎಳೆಯುವ ಒಂದು ಫ್ಯಾನ್ ಕೂಡ ಇಲ್ಲದಿರುವುದು ನನಗೆ ನಿಜವಾದ ಸಂಕಟ.

ಇಷ್ಟಾದರೂ ಬಿಸಿ ಇಳಿಯದ ಗಾಡಿಗಳುಂಟು. ಆಗ ಕೆಸರು ಬ್ಲಾಕಿನೊಳಗೆ, ಪಂಪಿಗೆ ಅತಿ ದೂರದ ಹಿಂದಿನ ಸಿಲಿಂಡರಿನ ಸುತ್ತ ಕೂತಿರುತ್ತದೆ. ಬ್ಲಾಕಿನ ಡ್ರೇನ್ ನಲ್ಲಿ ತೆರೆದರೂ ಹನಿ ಬಾರದು. ಬ್ಲಾಕಿನ ಪಕ್ಕದ ಡಮ್ಮಿ, ಅಂದರೆ ತಗಡಿನ ಬಿರಡೆ, ಬಿಚ್ಚಿ ಕೆರೆದು ತೆಗೆಯಬೇಕು. ಕೊನೆಗೆ ರೇಡಿಯೇಟರಿನ ಮುಚ್ಚಳ. ಹಳೆಯದಾದ ಸ್ಪ್ರಿಂಗ್ ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ: 7 ಪಿಎಸ್‌ಐ ಒತ್ತಡ ಹಿಡಿದಿಟ್ಟರೆ ಕುದಿಯುವ ಬಿಂದು ಸುಮಾರು 11 ಡಿಗ್ರಿ ಮೇಲೇರುತ್ತದೆ. ಅದೇ ಕಾರಣಕ್ಕೆ ಎಂಜಿನ್ ಬಿಸಿಯಿರುವಾಗ ಆ ಮುಚ್ಚಳ ತೆರೆಯಬಾರದು. ಒತ್ತಡ ತಪ್ಪಿದ ಕ್ಷಣ ನೀರು ಉಕ್ಕಿ ಮುಖ ಸುಡುತ್ತದೆ. ಕಾದ ಹೆಡ್ಡಿಗೆ ತಣ್ಣೀರು ಸುರಿಯುವುದೂ ಬೇಡ, ಎರಕ ಬಿರಿಯುತ್ತದೆ.

ಹೊಸ ಲಾರಿಗಳ ರೇಡಿಯೇಟರ್ ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿದ್ದು. ಹಗುರ, ಅಗ್ಗ, ಕೆಟ್ಟರೆ ಹೆಚ್ಚಾಗಿ ಬದಲಾಯಿಸುವುದೇ. ಹಾಗಾಗಿ ಪಟ್ಟಿ ಹಾಕಬಲ್ಲ ಕೈಗಳಿಗೆ ಕೆಲಸ ಕಡಿಮೆಯಾಗುತ್ತಿದೆ, ಹಿತ್ತಾಳೆ ಕೋರುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಹಳೆಯ ಲಾರಿ ಇಟ್ಟುಕೊಂಡವರು ಕೋರನ್ನು ಮಾರುವ ಮೊದಲು ಒಮ್ಮೆ ಟ್ಯಾಂಕ್ ಎತ್ತಿಸಿ ನೋಡಲಿ. ಕೊಳವೆಯ ಗೋಡೆ ಗಟ್ಟಿಯಿದ್ದು ಎಲೆಗಳು ಬಿಟ್ಟಿರದಿದ್ದರೆ ತೊಳೆಸಿ, ಸೋರಿಕೆ ನಿಲ್ಲಿಸಿ, ಶುದ್ಧ ನೀರಿಗೆ ಕೂಲಂಟ್ ಬೆರೆಸಿ ತುಂಬಿದರೆ ಅದೇ ಕೋರ್ ಮತ್ತೆ ಲೋಡು ಹೊತ್ತು ಶಿರಾಡಿ ಹತ್ತುತ್ತದೆ.