ಅಂಬರನಾಥದ ಕಲ್ಲು, ನರೇಂದ್ರದ ಕಲ್ಲು

ಕಲ್ಯಾಣ ಜಂಕ್ಷನ್ ದಾಟುತ್ತಲೇ ಹಳಿ ಎರಡಾಗುತ್ತದೆ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಕರ್ಜತ್ ಕಡೆಯ ಲೋಕಲ್ ಹಿಡಿದರೆ ವಿಠ್ಠಲವಾಡಿ, ಉಲ್ಲಾಸನಗರ, ಮೂರನೆಯದೇ ಅಂಬರನಾಥ. ಸ್ಟೇಷನ್ನಿನ ಹೊರಗೆ ರಿಕ್ಷಾದವನಿಗೆ ‘ಶಿವಮಂದಿರ’ ಅಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಸೋಮವಾರವಾದರೆ ಬಿಲ್ವಪತ್ರೆಯ ಬುಟ್ಟಿಗಳು, ತೆಂಗಿನಕಾಯಿಯ ರಾಶಿ, ಹಾಲಿನ ತಂಬಿಗೆ ಹಿಡಿದ ಹೆಂಗಸರ ಸಾಲು. ಪಕ್ಕದಲ್ಲಿ ಕಾರ್ಖಾನೆಗಳ ನೀರು ಕುಡಿದು ಬಣ್ಣಗೆಟ್ಟ ವಾಲಧುನಿ ನದಿ. ಅದರ ದಡದಲ್ಲಿ ಕರಿಕಲ್ಲಿನ ದೇವಸ್ಥಾನ.

ಗೋಡೆಯ ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಬರಿಜಾಗ ಬಿಡದೆ ದೇವತೆಗಳು, ನರ್ತಕಿಯರು, ಋಷಿಗಳು. ಶಿಖರ ಪೂರ್ತಿಯಾಗಿ ಉಳಿದಿಲ್ಲ. ಒಳಗೆ ಹೋದರೆ ಗರ್ಭಗುಡಿಗೆ ಹತ್ತುವಂತಿಲ್ಲ, ಮೆಟ್ಟಿಲಿಳಿದು ನೆಲದ ಕೆಳಗೆ ಹೋಗಬೇಕು. ಎಲ್ಲರ ಕಣ್ಣೂ ಕೆಳಗಿನ ಲಿಂಗದ ಮೇಲೆ. ಉತ್ತರದ ಬಾಗಿಲ ಮೇಲಿನ ತೊಲೆಗಲ್ಲಿನತ್ತ ಕತ್ತೆತ್ತಿ ನೋಡುವವರು ಅಪರೂಪ. ಅಲ್ಲಿ ಕೊರೆದ ಕೆಲವೇ ಸಾಲುಗಳಿಂದಲೇ ಈ ಊರಿಗೆ ಒಂದು ತೇದಿ ದಕ್ಕಿದ್ದು.

ಶಾಸನ ಓದುವವರ ಕೆಲಸ ನೋಡಲು ಸರಳ. ಕಲ್ಲನ್ನು ತೊಳೆಯಬೇಕು, ಒದ್ದೆ ಕಾಗದ ಹಾಸಬೇಕು, ಅಕ್ಷರದ ಗುಂಡಿಗಳಿಗೆ ಕಾಗದ ಇಳಿಯುವ ಹಾಗೆ ಕುಂಚದಿಂದ ಬಡಿಯಬೇಕು, ಮೇಲೆ ಮಸಿ ಒತ್ತಬೇಕು. ಕಾಗದ ಒಣಗಿ ಕೈಗೆ ಬಂದಾಗ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಕಷ್ಟ ಶುರುವಾಗುವುದು ಇದಾದ ಮೇಲೆ. ಅಂಬರನಾಥದ ಶಾಸನವನ್ನು ಮೊದಲು ಓದಿದ ಮುಂಬಯಿಯ ವೈದ್ಯ, ವಿದ್ವಾಂಸ ಡಾ. ಭಾವು ದಾಜಿ ಶಕವರ್ಷವನ್ನು 782 ಎಂದು ತಿಳಿದರು. ಮುಂದೆ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಮತ್ತೆ ನೋಡಿ ಅದು 982 ಎಂದರು. ಏಳು ಒಂಬತ್ತಾದ ಮಾತ್ರಕ್ಕೆ ದೇವಸ್ಥಾನ ಇನ್ನೂರು ವರ್ಷ ಈಚೆಗೆ, ಕ್ರಿ.ಶ. 1060ಕ್ಕೆ ಬಂತು. ಭಗವಾನ್‌ಲಾಲರು ಭಾವು ದಾಜಿಯವರಿಗಾಗಿಯೇ ಊರೂರು ತಿರುಗಿ ಶಾಸನ ಕೂಡಿಸಿ ತಂದವರು. ಆಶ್ರಯ ಕೊಟ್ಟವರ ಓದನ್ನೇ ತಿದ್ದಿದ ಅವರ ಬರಹ ಅಚ್ಚಾದದ್ದು ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ. ಭಾವು ದಾಜಿಯವರ ಮೊದಲ ಓದು ಅಚ್ಚಾದದ್ದೂ ಅದರಲ್ಲೇ.

982 ಎಂದು ಖಚಿತವಾದ ಮೇಲೆ ರಾಜರೂ ತಂತಮ್ಮ ಜಾಗಕ್ಕೆ ಬಂದರು. ಠಾಣೆಯನ್ನು ರಾಜಧಾನಿ ಮಾಡಿಕೊಂಡಿದ್ದ ಉತ್ತರ ಕೊಂಕಣದ ಶಿಲಾಹಾರರಲ್ಲಿ ಛಿತ್ತರಾಜನ ಹೆಸರಿನ ಈ ದೇವಾಲಯ ಪೂರ್ಣಗೊಂಡದ್ದು ಅವನ ತಮ್ಮ ಮುಮ್ಮುಣಿಯ ಕಾಲದಲ್ಲಿ.

ಈ ಮುಮ್ಮುಣಿ ಇನ್ನೊಂದು ಕಲ್ಲಿನಲ್ಲೂ ಸಿಗುತ್ತಾನೆ, ಅದೂ ಕನ್ನಡದಲ್ಲಿ. ಧಾರವಾಡದಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿ ನರೇಂದ್ರ ಎಂಬ ಊರಿದೆ. ಅಲ್ಲಿಯ 12ನೇ ಶತಮಾನದ ಶಾಸನ ಗೋವೆಯ ಕದಂಬರ ಕೀರ್ತಿ ಹೇಳುತ್ತ ಹೇಳುತ್ತ, ಕಡಲ ಮೇಲೆ ವಿಹರಿಸುತ್ತ ಬಂದ ಅರಸ ಷಷ್ಠದೇವನನ್ನು ಠಾಣೆಯ ಮುಮ್ಮುರಿ ಎದುರುಗೊಂಡು ಅರಮನೆಗೆ ಕರೆದೊಯ್ದ, ಮಗಳನ್ನು ಧಾರೆಯೆರೆದು ಹೊನ್ನು ಕೊಟ್ಟ ಎನ್ನುತ್ತದೆ. ಆ ಮುಮ್ಮುರಿಯೇ ಈ ಮುಮ್ಮುಣಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಂಬರನಾಥದ ಕಲ್ಲಿನಲ್ಲಿ ಮದುವೆಯ ಸುದ್ದಿಯಿಲ್ಲ, ನರೇಂದ್ರದ ಕಲ್ಲಿನಲ್ಲಿ ದೇವಸ್ಥಾನದ ಸುದ್ದಿಯಿಲ್ಲ. ಬೀಗರು ಒಟ್ಟಿಗೆ ಕುಳಿತದ್ದು ಪುಸ್ತಕದ ಪುಟದಲ್ಲಿ.

ಅಂಥ ಪುಸ್ತಕಗಳಲ್ಲಿ ಕೆಲವು ಈ ರೈಲುದಾರಿಯ ಆಸುಪಾಸಿನವೇ. ವಿ.ಟಿ.ಯಲ್ಲಿ ಇಳಿದು ನಡೆದೇ ಹೋಗಬಹುದಾದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಹೆರಾಸ್ 1926ರಲ್ಲಿ ಇತಿಹಾಸ ಸಂಶೋಧನ ಸಂಸ್ಥೆ ಕಟ್ಟಿದರು. ಅವರ ಶಿಷ್ಯ ಜಾರ್ಜ್ ಮೊರಾಯೆಸ್ ಬರೆದ ‘ಕದಂಬ ಕುಲ’ 1931ರಲ್ಲಿ ಮುಂಬಯಿಯಲ್ಲೇ ಅಚ್ಚಾಯಿತು. ಭಾಸ್ಕರ ಆನಂದ ಸಾಲೆತ್ತೂರರ ‘ಮೀಡಿಯೀವಲ್ ಜೈನಿಸಂ’ 1938ರಲ್ಲಿ ಹೊರಬಂದದ್ದು ಮುಂಬಯಿಯ ಕರ್ನಾಟಕ ಪಬ್ಲಿಷಿಂಗ್ ಹೌಸಿನಿಂದ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ, ಮರುವರ್ಷ ಧಾರವಾಡಕ್ಕೆ ಹೋಯಿತು. ಅಲ್ಲಿ ಶಾಸನಗಳನ್ನೇ ಬದುಕಾಗಿಸಿಕೊಂಡ ಶ್ರೀನಿವಾಸ ರಿತ್ತಿಯವರು 1973ರಲ್ಲಿ ದೇವಗಿರಿಯ ಸೇವುಣರ ಮೇಲೆ ಗ್ರಂಥ ತಂದರು. ಸೇವುಣರ ಮಹಾದೇವನೇ ಠಾಣೆಯ ಕೊನೆಯ ಶಿಲಾಹಾರ ದೊರೆ ಸೋಮೇಶ್ವರನನ್ನು ಸೋಲಿಸಿದವನು. ಬೊರಿವಲಿಯ ಎಕ್ಸರ್ ವೀರಗಲ್ಲುಗಳಲ್ಲಿ ಸಾಲುಗಟ್ಟಿ ನುಗ್ಗುವ ಹಡಗುಗಳು ಆ ಕಾಳಗದವೇ ಎಂದು ಹಲವು ವಿದ್ವಾಂಸರ ಮತ. 1977ರಲ್ಲಿ ನಾಗಪುರದ ವಾಸುದೇವ ವಿಷ್ಣು ಮಿರಾಶಿಯವರು ಶಿಲಾಹಾರ ಶಾಸನಗಳನ್ನು ಒಂದೇ ಸಂಪುಟದಲ್ಲಿ ತಂದರು. ಅಂಬರನಾಥ ಈಗ ಅದರೊಳಗೊಂದು ನಮೂದು.

ಡೊಂಬಿವಲಿ, ಠಾಣೆ, ವಾಶಿಗಳಲ್ಲಿ ನೆಲೆ ನಿಂತ ಕನ್ನಡಿಗರಿಗೆ ಈ ಗ್ರಂಥಗಳಲ್ಲಿ ಖುಷಿಪಡಲು ಬೇಕಾದಷ್ಟಿದೆ. ಹಿಂದೆ ಠಾಣೆ ಸೀಮೆಗೇ ಸೇರಿದ್ದ ಕಾನ್ಹೇರಿಯ ಗುಹೆಗಳಲ್ಲಿ ಅಮೋಘವರ್ಷ ನೃಪತುಂಗನ ಹೆಸರು ಕೊರೆದಿದೆ. ಅವುಗಳಲ್ಲೊಂದರಲ್ಲಿ ದೂರದ ಗೌಡದೇಶದಿಂದ ಬಂದ ಬೌದ್ಧ ಭಕ್ತನೊಬ್ಬ ನೂರು ದ್ರಮ್ಮ ದಾನ ಕೊಟ್ಟ ಲೆಕ್ಕವಿದೆ. ಭಿವಂಡಿ ಸೀಮೆಯ ಭಾದಾಣೆಯಲ್ಲಿ ಸಿಕ್ಕ 997ರ ತಾಮ್ರಪಟದಲ್ಲಿ ಶಿಲಾಹಾರ ಅಪರಾಜಿತ, ಆಗಲೇ ಅಳಿದುಹೋಗಿದ್ದ ರಾಷ್ಟ್ರಕೂಟ ಒಡೆಯರ ವಂಶಾವಳಿಯನ್ನು ಹೇಳಿಸಿ ಮರುಗಿದ್ದಾನೆ. ಶಿಲಾಹಾರರ ಬಿರುದುಗಳಲ್ಲಿ ‘ನನ್ನಿಸಮುದ್ರ’, ‘ಮಲಗಲಗಂಡ’ ಎಂಬ ಕನ್ನಡ ಮಾತುಗಳಿವೆ.

ಇಷ್ಟು ಹಿಡಿದುಕೊಂಡು ‘ಠಾಣೆ ನಮ್ಮದು’ ಎನ್ನಲು ಹೊರಟವರನ್ನು ಮುಂದಿನ ಪುಟ ತಡೆಯುತ್ತದೆ. ಅದೇ ವಂಶದ ಅಪರಾದಿತ್ಯನ 1187ರ ಪರೇಲ್ ಶಾಸನ ಸಂಸ್ಕೃತದಲ್ಲಿದೆ. ದಾನ ಕೆಡಿಸಿದವರಿಗೆ ಹಾಕಿದ ಕೊನೆಯ ಶಾಪ ಮಾತ್ರ ಅಚ್ಚ ಮರಾಠಿ, ನಾಲ್ಕು ಜನರೆದುರು ಓದಿ ಹೇಳಲಾಗದಂಥದು. ದಾನ ಸಂಸ್ಕೃತದಲ್ಲಿ, ಬಿರುದು ಕನ್ನಡದಲ್ಲಿ, ಬೈಗುಳ ಮರಾಠಿಯಲ್ಲಿ: ಠಾಣೆಯ ಅರಸರು ಮೂರನ್ನೂ ಇಟ್ಟುಕೊಂಡು ರಾಜ್ಯಭಾರ ಮಾಡಿದರು. ಒಂದೇ ತಾಮ್ರಪಟ ಹಿಡಿದು ವಾದಕ್ಕೆ ಬರುವವರಿಗೆ ಮಿರಾಶಿಯವರ ಸಂಪುಟದ ಮಿಕ್ಕ ಪುಟಗಳನ್ನೂ ತೆರೆದು ತೋರಿಸಬೇಕು.