ರೇಟ್ ಬೋರ್ಡ್ ಎಲ್ಲಿ ಹೋಯ್ತು ಸ್ವಾಮಿ?

ದಸರಾ ಮುಗಿದು ವಾರ ಕಳೆದಿದೆ. ಅಂಬಾರಿ ಹೊತ್ತ ಅಭಿಮನ್ಯು ಕಾಡಿನ ಶಿಬಿರಕ್ಕೆ ವಾಪಸ್ ಹೋಗಿ ಆರಾಮಾಗಿದ್ದಾನೆ. ನಮ್ಮ ಆಫೀಸಿನ ಫೋನು ಮಾತ್ರ ಇನ್ನೂ ಸುಮ್ಮನಾಗಿಲ್ಲ. ಹಾವೇರಿ ಕಡೆಯ ವೀಕ್ಷಕರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಗ್ಯಾರೇಜ್ ಇಟ್ಟುಕೊಂಡವರು. ವರ್ಷಕ್ಕೊಂದು ಪ್ರವಾಸ, ಅದೂ ಮಕ್ಕಳ ದಸರಾ ರಜೆಯಲ್ಲಿ. ಮೈಸೂರಲ್ಲಿ ಬೇರೆ ದಿನ 1,200 ರೂಪಾಯಿಗೆ ಸಿಗುವ ಲಾಡ್ಜ್ ರೂಮಿಗೆ 4,500 ಕೇಳಿದ್ದಾರೆ. ಅವರು ನನಗೆ ಕೇಳಿದ ಪ್ರಶ್ನೆ ನೇರವಾಗಿತ್ತು. "ಸರ, ಜಿಎಸ್‌ಟಿ ಕಡಿಮಿ ಆಗೇತಿ ಅಂತ ಟಿವಿಯೊಳಗ ನೀವ ಹೇಳಿದ್ರಿ. ಹಂಗಾದ್ರ ರೂಮಿನ ರೇಟ್ ಯಾಕ ಏರಿತು?"

ಹೌದು, ಹೇಳಿದ್ದು ನಾನೇ. 2025ರ ಸೆಪ್ಟೆಂಬರ್ 22. ಬೆಳಗ್ಗೆ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ. ಅದೇ ದಿನ ದೇಶದಲ್ಲಿ ಹೊಸ ಜಿಎಸ್‌ಟಿ ದರ ಜಾರಿ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ ಶೇಕಡ 12 ಇದ್ದ ತೆರಿಗೆ ಶೇಕಡ 5ಕ್ಕೆ ಇಳೀತು. ನಾವೂ ಬ್ರೇಕಿಂಗ್ ನ್ಯೂಸ್ ಹಾಕಿದ್ವಿ. ತೆರಿಗೆ ಇಳಿದ ದಿನವೇ ಮೈಸೂರಿನ ರೂಮು ಬಾಡಿಗೆ ಏರೋಕೆ ಶುರುವಾಗಿತ್ತು ಅನ್ನೋದನ್ನ ನಾವು ಅಂದು ಹೇಳಲಿಲ್ಲ.

ಈಗ ಹಾವೇರಿಯವರ ಲೆಕ್ಕವನ್ನೇ ಬಿಡಿಸೋಣ. 1,200 ರೂಪಾಯಿ ರೂಮಿಗೆ ಹಳೆಯ ಶೇಕಡ 12ರಲ್ಲಿ ತೆರಿಗೆ 144 ರೂಪಾಯಿ. ಹೊಸ ಶೇಕಡ 5ರಲ್ಲಿ 60. ಉಳಿತಾಯ 84 ರೂಪಾಯಿ, ನಾಲ್ಕು ಜನರ ಕಾಫಿ ತಿಂಡಿಗೂ ಸಾಲದು. ಅದೇ ರೂಮಿಗೆ 4,500 ಕೊಟ್ಟರೆ ಶೇಕಡ 5 ಅಂದರೂ 225 ರೂಪಾಯಿ ತೆರಿಗೆ. ತೆರಿಗೆಯ ದರ ಅರ್ಧಕ್ಕಿಂತ ಕೆಳಗೆ ಬಂತು, ಕಟ್ಟಿದ ತೆರಿಗೆ ಮಾತ್ರ ಜಾಸ್ತಿ ಆಯ್ತು! ಇದಕ್ಕೆ ಕಾರಣ ಇದೆ. 2018ರ ಜುಲೈವರೆಗೆ ಹೋಟೆಲ್ ತಾನು ಘೋಷಿಸಿದ ದರದ ಮೇಲೆ ಯಾವ ತೆರಿಗೆ ಅನ್ನೋದು ನಿರ್ಧಾರ ಆಗ್ತಿತ್ತು. ಆಮೇಲೆ ಗಿರಾಕಿ ನಿಜವಾಗಿ ಕೊಡುವ ಹಣದ ಮೇಲೆ. ಹಾಗಾಗಿ ಬಾಡಿಗೆ ಏರಿದಷ್ಟೂ ಸರ್ಕಾರದ ಪಾಲೂ ಏರುತ್ತೆ.

ಇನ್ನೊಂದು ಮಾತು ಮರೆತುಹೋಗಿದೆ. 2022ರ ಜುಲೈ 18ಕ್ಕೆ ಮುಂಚೆ ಸಾವಿರ ರೂಪಾಯಿವರೆಗಿನ ರೂಮಿಗೆ ತೆರಿಗೆಯೇ ಇರಲಿಲ್ಲ. ಸೊನ್ನೆ. ಅಂದು ಅದನ್ನ ಏಕಾಏಕಿ ಶೇಕಡ 12 ಮಾಡಿದ್ರು, ಈಗ 5ಕ್ಕೆ ತಂದ್ರು. ಒಂಬೈನೂರು ರೂಪಾಯಿ ರೂಮಿನಲ್ಲಿ ಉಳಿಯುವವನಿಗೆ ಇದು ಇಳಿಕೆಯೋ ಏರಿಕೆಯೋ ನೀವೇ ಹೇಳಿ. ಲಾಡ್ಜ್ ಮಾಲೀಕರದ್ದೂ ಒಂದು ತಕರಾರಿದೆ, ಅದೂ ನ್ಯಾಯವೇ. ಶೇಕಡ 12 ಇದ್ದಾಗ ಲಾಂಡ್ರಿ, ಪೇಂಟು, ಎಸಿ ರಿಪೇರಿಗೆ ತಾವು ಕಟ್ಟಿದ ಜಿಎಸ್‌ಟಿಯನ್ನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅಂತ ವಜಾ ಮಾಡಿಕೊಳ್ಳಬಹುದಿತ್ತು. ಈಗ ಶೇಕಡ 5ರಲ್ಲಿ ಆ ಸೌಲಭ್ಯ ಇಲ್ಲ. ಆ ಖರ್ಚು ಎಲ್ಲಿಗೆ ಸೇರುತ್ತೆ? ಬಾಡಿಗೆಗೆ.

ಆದರೆ 1,200 ಹೋಗಿ 4,500 ಆಗೋದಕ್ಕೆ ಇದು ಯಾವುದೂ ಕಾರಣ ಅಲ್ಲ.

ನಾನು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. (ಅದು ಯಾವ ಉಪಯೋಗಕ್ಕೆ ಬಂತು ಅಂತ ನಮ್ಮಪ್ಪ ಇವತ್ತಿಗೂ ಕೇಳ್ತಾರೆ.) ಅಲ್ಲಿ ಮೊದಲ ವರ್ಷ ಕಲಿಸೋ ಒಂದು ಪಾಠ, ಪೀಕ್ ಲೋಡ್. ವಿದ್ಯುತ್ತನ್ನ ಅಕ್ಕಿ ಮೂಟೆ ಹಾಗೆ ಕೂಡಿಡೋಕೆ ಆಗಲ್ಲ. ಸಂಜೆ ಎಲ್ಲರ ಮನೆಯಲ್ಲೂ ಲೈಟು, ಮಿಕ್ಸಿ, ಟಿವಿ ಒಟ್ಟಿಗೆ ಆನ್ ಆದಾಗ ಬೇಡಿಕೆ ಜಿಗಿಯುತ್ತೆ. ಆಗ ಶರಾವತಿಯ ಟರ್ಬೈನ್‌ಗಳಿಗೆ ನೀರು ಬಿಡ್ತಾರೆ, ಪೀಕ್ ದಾಟುತ್ತೆ. ಲಾಡ್ಜ್ ರೂಮೂ ವಿದ್ಯುತ್ತಿನ ಹಾಗೇ. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನ ನಾಳೆ ಮಾರೋಕೆ ಆಗಲ್ಲ. ಜಂಬೂಸವಾರಿಗೆ ಬೇಕು ಅಂತ ಜುಲೈ ತಿಂಗಳ ರೂಮುಗಳನ್ನ ಗೋಡೌನಿನಲ್ಲಿ ಇಡೋಕೂ ಆಗಲ್ಲ.

ಒಂದು ಉದಾಹರಣೆ ಲೆಕ್ಕ ಹಾಕಿ. 20 ರೂಮಿನ ಲಾಡ್ಜು. ಸಂಬಳ, ಸಾಲದ ಕಂತು, ಕರೆಂಟು, ನೀರು ಸೇರಿ ತಿಂಗಳಿಗೆ ಎರಡೂವರೆ ಲಕ್ಷ ಖರ್ಚು ಅಂತಿಟ್ಟುಕೊಳ್ಳಿ. ಮೂವತ್ತು ದಿನವೂ ತುಂಬಿದ್ದರೆ ಒಂದು ರೂಮಿನ ಒಂದು ರಾತ್ರಿಗೆ ಬೀಳೋ ಖರ್ಚು ಸುಮಾರು 417 ರೂಪಾಯಿ. ಮೂರನೇ ಒಂದು ಭಾಗ ಮಾತ್ರ ತುಂಬಿದರೆ ಅದೇ ಖರ್ಚು 1,250. ಮಡಿಕೇರಿಯಲ್ಲಿ ಜುಲೈ ಮಳೆಯಲ್ಲಿ ಯಾರು ಹೋಗಿ ಉಳೀತಾರೆ? ಖಾಲಿ ತಿಂಗಳ ನಷ್ಟವನ್ನ ಮಾಲೀಕ ದಸರಾ, ಕ್ರಿಸ್ಮಸ್, ಏಪ್ರಿಲ್ ಮೇ ರಜೆಯಲ್ಲೇ ತುಂಬಿಕೊಳ್ಳಬೇಕು. ಹೆಚ್ಚು ತಗೊಳ್ತಾನೆ ಅಂದ ತಕ್ಷಣ ಕಳ್ಳ ಅನ್ನೋಕೆ ಆಗಲ್ಲ. ಎಷ್ಟು ಹೆಚ್ಚು, ಯಾವಾಗ ಹೇಳ್ತಾನೆ, ಮಾತಿಗೆ ನಿಲ್ತಾನಾ ಅನ್ನೋದೇ ಪ್ರಶ್ನೆ.

ಅದನ್ನ ನಾನು ಪುಸ್ತಕದಲ್ಲಿ ಓದಿ ಹೇಳ್ತಿಲ್ಲ. ಈ ಸಲ ಅರಮನೆ ಎದುರಿಂದ ಲೈವ್ ಮಾಡೋ ಕೆಲಸ ನನ್ನದಿತ್ತು. ಅಮ್ಮನಿಗೆ ಜಂಬೂಸವಾರಿ ನೋಡೋ ಆಸೆ. ಆಗಸ್ಟ್‌ನಲ್ಲೇ ಒಂದು ಆ್ಯಪ್‌ನಲ್ಲಿ 1,450 ರೂಪಾಯಿಗೆ ರೂಮ್ ಬುಕ್ ಮಾಡಿದೆ. ಹಣ ಕಟ್ಟಿದೆ, ಕನ್ಫರ್ಮ್ ಅಂತ ಮೆಸೇಜೂ ಬಂತು. ಅಕ್ಟೋಬರ್ 1ರ ಬೆಳಗ್ಗೆ ಅಮ್ಮನ ಬ್ಯಾಗು ಹಿಡಿದು ಕೌಂಟರ್ ಮುಂದೆ ನಿಂತರೆ, "ಸಾರ್, ನಿಮ್ಮ ಬುಕಿಂಗ್ ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ." ರೂಮ್ ಇದೆಯಾ ಅಂದೆ. ಇದೆ. ಎಷ್ಟು? ಐದು ಸಾವಿರ. ಕೌಂಟರಿನ ಹಿಂದೆ ರೇಟ್ ಬೋರ್ಡ್ ತೂಗುಹಾಕುತ್ತಿದ್ದ ಮೊಳೆ ಇತ್ತು, ಬೋರ್ಡ್ ಇರಲಿಲ್ಲ.

ನನ್ನ ಪಕ್ಕದಲ್ಲೇ ಕೊಳ್ಳೇಗಾಲದ ಕಡೆಯ ಒಬ್ಬರು ನಿಂತಿದ್ದರು. ಅವರಿಗೆ ದಸರಾ ಬೇಕಾಗಿರಲಿಲ್ಲ. ಹೆಂಡತಿ ಕೆ.ಆರ್. ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಆರು ದಿನ ಆಗಿತ್ತಂತೆ. ದಿನಕ್ಕೆ 700 ಕೊಟ್ಟು ಇದ್ದ ರೂಮಿಗೆ "ಇವತ್ತಿಂದ 3,000, ಆಗಲ್ಲ ಅಂದ್ರೆ ಖಾಲಿ ಮಾಡಿ" ಅಂದಿದ್ದಾರೆ. ಅವರು ಜಗಳ ಮಾಡಲಿಲ್ಲ. ಮೇಲೆ ಹೋಗಿ ಒಂದು ಪ್ಲಾಸ್ಟಿಕ್ ಬಿಂದಿಗೆ, ಒಂದು ಚೀಲ ತಗೊಂಡು ಇಳಿದು ಬಂದರು. ನಾನೂ ಜಗಳ ಮಾಡಲಿಲ್ಲ. ದಿನಾ ಸ್ಟುಡಿಯೋದಲ್ಲಿ ಕೂತು ಮಂತ್ರಿಗಳಿಗೆ ಪ್ರಶ್ನೆ ಕೇಳೋನು ನಾನು, ಅಲ್ಲಿ ಲೈವ್‌ಗೆ ತಡ ಆಗುತ್ತೆ ಅಂತ ಐದು ಸಾವಿರ ಕಟ್ಟಿ ಕೀ ಈಸ್ಕೊಂಡೆ. ಆ್ಯಪ್‌ನವರು ನನ್ನ 1,450ನ್ನ ನಾಲ್ಕು ದಿನಕ್ಕೆ ವಾಪಸ್ ಹಾಕಿದ್ರು, ಅವರ ಪ್ರಕಾರ ವಿಷಯ ಮುಗೀತು. ರಾತ್ರಿ ಕೆಲಸ ಮುಗಿಸಿ ನಡೆದು ಬರುವಾಗ ಆಸ್ಪತ್ರೆ ಗೇಟಿನ ಪಕ್ಕ ಆ ಬಿಂದಿಗೆಯನ್ನ ನೋಡಿದೆ. ಅದರ ಪಕ್ಕ ಅವರು ಟವೆಲ್ ಹೊದ್ದು ಮಲಗಿದ್ದರು.

ರೇಟ್ ಏರಿಸೋದನ್ನ ಸಮರ್ಥಿಸೋರು ಒಂದು ವಾದ ಹೇಳ್ತಾರೆ. ಬೆಲೆ ಏರಿದರೆ ತುರ್ತಿಲ್ಲದವರು ಬೇರೆ ದಿನ ಬರ್ತಾರೆ, ನಿಜವಾಗಿ ಬೇಕಾದವರಿಗೆ ರೂಮ್ ಸಿಗುತ್ತೆ ಅಂತ. ಸ್ಟಾರ್ ಹೋಟೆಲಿಗೆ ಈ ವಾದ ಸರಿ ಇರಬಹುದು. ಆದರೆ ಬಜೆಟ್ ಲಾಡ್ಜಿಗೆ ಬರೋರು ಯಾರು? ಆಸ್ಪತ್ರೆಯ ರೋಗಿಯ ಕಡೆಯವರು. ಪರೀಕ್ಷೆ ಬರೆಯೋಕೆ ಹಿಂದಿನ ರಾತ್ರಿ ಬರೋ ಹುಡುಗ ಹುಡುಗಿಯರು. ಶಾಲೆ ರಜೆ ಕೊಟ್ಟಾಗ ಮಾತ್ರ ಹೊರಡಬಲ್ಲ ಸಂಸಾರ. ಇವರು ದಿನಾಂಕ ಬದಲಾಯಿಸೋಕೆ ಆಗುತ್ತಾ? ದುಡ್ಡಿರೋನು ಡಿಸೆಂಬರ್ ಬದಲು ಜನವರಿಯಲ್ಲಿ ರಜೆ ಹಾಕಿ ಹೋಗ್ತಾನೆ, ಅರ್ಧ ರೇಟಿಗೆ ಉಳೀತಾನೆ. ಹೆಚ್ಚಿನ ಬೆಲೆ ಕೊಡೋನು ತುರ್ತು ಇರೋನಲ್ಲ, ಬೇರೆ ದಾರಿ ಇಲ್ಲದೋನು.

ಇನ್ನು ಈ ಆ್ಯಪ್‌ಗಳ ಲೆಕ್ಕ. ಸೀಟು ಖಾಲಿ ಆದಂತೆ ಬೆಲೆ ಏರಿಸೋ ವಿದ್ಯೆಯನ್ನ ಬೆಳೆಸಿದ್ದು 1980ರ ದಶಕದ ಅಮೆರಿಕದ ವಿಮಾನ ಕಂಪನಿಗಳು. ಅಲ್ಲಿಂದ ಹೋಟೆಲಿಗೆ ಬಂತು. ನಮ್ಮ ರೈಲ್ವೆ ಕೂಡ 2016ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಲ್ಲಿ ಫ್ಲೆಕ್ಸಿ ದರ ಶುರು ಮಾಡ್ತು. ಪ್ರತಿ ಶೇಕಡ 10 ಸೀಟು ತುಂಬಿದಾಗ ಬೆಲೆ ಶೇಕಡ 10 ಏರುತ್ತೆ, ಮೂಲ ದರದ 1.4 ಪಟ್ಟಿಗೆ ನಿಲ್ಲುತ್ತೆ. ಬೈದುಕೊಂಡೇ ಕೊಡ್ತೀವಿ, ಆದರೆ ನಿಯಮ ಏನು, ಮಿತಿ ಎಷ್ಟು ಅನ್ನೋದು ನಮಗೆ ಗೊತ್ತು. ಲಾಡ್ಜಿನ ಬೆಲೆ ಯಾವ ಲೆಕ್ಕದಲ್ಲಿ ಏರಿತು ಅನ್ನೋದು ಕೆಲವೊಮ್ಮೆ ಮಾಲೀಕನಿಗೂ ಗೊತ್ತಿರಲ್ಲ. ಸಾಫ್ಟ್‌ವೇರ್ ಏರಿಸಿರುತ್ತೆ.

"ಒಂದೇ ರೂಮ್ ಬಾಕಿ ಇದೆ, 14 ಜನ ನೋಡ್ತಿದ್ದಾರೆ" ಅಂತ ಕೆಂಪು ಅಕ್ಷರದಲ್ಲಿ ಬರುತ್ತಲ್ಲ, ಅದು ಸುಳ್ಳಾಗಿದ್ದರೆ ಕಾನೂನಿನ ಪ್ರಕಾರ ತಪ್ಪು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಅಂತ 13 ಬಗೆಯ ಮೋಸಗಳನ್ನ ಪಟ್ಟಿ ಮಾಡಿದೆ. ಸುಳ್ಳು ತುರ್ತು ಹುಟ್ಟಿಸೋದು ಅದರಲ್ಲಿ ಒಂದು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಒಂದೊಂದೇ ಶುಲ್ಕ ಸೇರಿಸೋದೂ ಅದೇ ಪಟ್ಟಿಯಲ್ಲಿದೆ. ಇದಕ್ಕೂ ಮುಂಚೆ, 2022ರ ಅಕ್ಟೋಬರ್‌ನಲ್ಲಿ, ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋ ಸಮೂಹಕ್ಕೆ 223 ಕೋಟಿ, ಓಯೋಗೆ 168 ಕೋಟಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಮಾತು. ಆ ಆದೇಶದಲ್ಲಿ ನಮಗೆ ಮುಖ್ಯವಾದ ವಿಷಯ ಒಂದಿತ್ತು. ತಮ್ಮ ಆ್ಯಪ್‌ನಲ್ಲಿ ಇರೋದಕ್ಕಿಂತ ಕಡಿಮೆ ಬೆಲೆಗೆ ಬೇರೆಲ್ಲೂ ರೂಮ್ ಮಾರಬಾರದು ಅಂತ ಹೋಟೆಲುಗಳಿಗೆ ಷರತ್ತು ಹಾಕುತ್ತಿದ್ದದ್ದು ತಪ್ಪು ಅಂತ ಆಯೋಗ ಹೇಳ್ತು.

ಹಾಗಾದರೆ ಬೆಲೆಯನ್ನ ಕಟ್ಟಿಹಾಕಿಬಿಡಿ ಅಂತೀರಾ? ತಿರುಮಲಕ್ಕೆ ಹೋಗಿ ನೋಡಿ. ಟಿಟಿಡಿ ಕೊಠಡಿ 50 ರೂಪಾಯಿ, 100 ರೂಪಾಯಿಗೆ ಇದೆ. ಜನ ಜಾಸ್ತಿ ಬಂದರು ಅಂತ ಬೆಲೆ ಏರಲ್ಲ. ಆದರೆ ಕೊಠಡಿ ಸಿಗಬೇಕಲ್ಲ! ಅಲ್ಲಿ ದುಡ್ಡಿನ ಬದಲು ಸಮಯ ಕೊಡ್ತೀವಿ, ಕ್ಯೂ ನಿಲ್ತೀವಿ. ಬೆಲೆ ಕಟ್ಟಿಹಾಕಿದ ಕಡೆ ದಲ್ಲಾಳಿ ಹುಟ್ಟಿಕೊಳ್ಳೋದೂ ಹೊಸದಲ್ಲ. ಆದರೂ ಹೇಳ್ತೀನಿ, ಬಿಂದಿಗೆ ಹಿಡಿದ ಆ ಮನುಷ್ಯನಿಗೆ ಕ್ಯೂ ನಿಲ್ಲೋ ಅವಕಾಶವಾದರೂ ಇರಬೇಕಿತ್ತು.

ನನಗೆ ಸರಿ ಅನ್ನಿಸೋದು ಇವೆರಡರ ನಡುವಿನ ದಾರಿ. ಟ್ಯಾಕ್ಸಿ ಆ್ಯಪ್‌ಗಳಿಗೆ ಕೇಂದ್ರ ಸರ್ಕಾರ 2020ರ ಮಾರ್ಗಸೂಚಿಯಲ್ಲಿ ಮೂಲ ದರದ ಒಂದೂವರೆ ಪಟ್ಟು ಅಂತ ಮಿತಿ ಹಾಕಿತ್ತು, 2025ರಲ್ಲಿ ಅದನ್ನ ಎರಡು ಪಟ್ಟು ಮಾಡ್ತು. ಎರಡು ಪಟ್ಟು ಹೆಚ್ಚಾಯ್ತು ಅಂತ ನಾನೇ ಚರ್ಚೆ ಮಾಡಿದ್ದೆ, ಇರಲಿ. ಮೂರು ಕಿಲೋಮೀಟರ್ ಟ್ಯಾಕ್ಸಿಗೆ ಇರೋ ಮಿತಿ ಒಂದು ರಾತ್ರಿಯ ನಿದ್ದೆಗೆ ಯಾಕಿಲ್ಲ? ಬೋರ್ಡಿನ ವಿಚಾರವಂತೂ ಇನ್ನೂ ಹಳೆಯದು. ಬ್ರಿಟಿಷರು 1867ರಲ್ಲಿ ಸರಾಯಿ ಕಾಯ್ದೆ ಅಂತ ತಂದರು. ಸರಾಯಿ ಅಂದರೆ ಪ್ರಯಾಣಿಕರ ತಂಗುದಾಣ, ಕುಡಿಯೋ ಸಾರಾಯಿ ಅಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟ್ ಹೇಳಿದ ಜಾಗದಲ್ಲಿ, ಹೇಳಿದ ಭಾಷೆಯಲ್ಲಿ ದರಪಟ್ಟಿ ತೂಗುಹಾಕಬೇಕು ಅಂತ ಅದರಲ್ಲೇ ಬರೆದಿದ್ದರು.

ಇನ್ನು ಶರಾವತಿಯ ಪ್ರಶ್ನೆ. ಪೀಕ್ ದಿನಕ್ಕೆ ಮಾತ್ರ ತೆರೆಯುವ ರೂಮುಗಳು ಎಲ್ಲಿವೆ? ನಮ್ಮ ಹಿರಿಯರು ಛತ್ರ ಕಟ್ಟಿಸಿದ್ದರು. ಬೆಂಗಳೂರು ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ ಶುರುವಾಗಿದ್ದು 1903ರಲ್ಲಿ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಈಗ ಮೇಳ, ಪ್ರದರ್ಶನ ನಡೆಯುತ್ತೆ. ಹೊಸದಾಗಿ ಛತ್ರ ಕಟ್ಟಿ ಅಂತ ನಾನು ಹೇಳ್ತಿಲ್ಲ. ನಾನು ಓದಿದ ಕಾಲೇಜಿನ ಹಾಸ್ಟೆಲು ದಸರಾ ರಜೆಯಲ್ಲಿ ಪೂರ್ತಿ ಖಾಲಿ ಇರ್ತಿತ್ತು, ವಾಚ್‌ಮನ್ ಮತ್ತು ಎರಡು ನಾಯಿ ಬಿಟ್ಟರೆ ಯಾರೂ ಇಲ್ಲ. ಅಂಥ ಹಾಸ್ಟೆಲುಗಳನ್ನ ಹತ್ತು ದಿನ, ತಲೆಗೆ ಇಷ್ಟು ಅಂತ ತೆರೆದರೆ ಲಾಡ್ಜಿನ ಕೌಂಟರಿನಲ್ಲಿ ಮಾತಿನ ಧಾಟಿಯೇ ಬದಲಾಗುತ್ತೆ.

ಇನ್ನೆರಡು ತಿಂಗಳಿಗೆ ಡಿಸೆಂಬರ್. ಗೋಕರ್ಣ, ಚಿಕ್ಕಮಗಳೂರು, ಮಡಿಕೇರಿ ಅಂತ ಹೊರಡೋರಿಗೆ ಎರಡು ಮಾತು. ಆ್ಯಪ್‌ನಲ್ಲಿ ಹೆಸರು ನೋಡಿ, ಆದರೆ ಲಾಡ್ಜಿಗೇ ಫೋನ್ ಮಾಡಿ. ಆ್ಯಪ್‌ಗೆ ಹೋಗೋ ಕಮಿಷನ್ ಉಳಿಯೋದರಿಂದ ಚೌಕಾಸಿಗೆ ಜಾಗ ಇರುತ್ತೆ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ಲಾಡ್ಜು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಕೌಂಟರಿನಲ್ಲಿ ಕೊಟ್ಟರೆ ತೆರಿಗೆಯೂ ಇಲ್ಲ. ಅದೇ ರೂಮು ಆ್ಯಪ್ ಮೂಲಕ ತಗೊಂಡರೆ ತೆರಿಗೆ ಬೀಳುತ್ತೆ. ಆ್ಯಪ್‌ನಲ್ಲೇ ಬುಕ್ ಮಾಡಿದ್ರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಹೊರಡೋ ಹಿಂದಿನ ದಿನ ಲಾಡ್ಜಿಗೆ ಫೋನ್ ಮಾಡಿ ನಿಮ್ಮ ಹೆಸರು ರಿಜಿಸ್ಟರಿನಲ್ಲಿದೆಯಾ ಕೇಳಿ. ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ಅಂದು ಮಾಡಲಿಲ್ಲ, ಹಾವೇರಿಯವರ ಫೋನ್ ಬಂದ ಮೇಲೆ ಮಾಡಿದೆ. ದೂರಿನ ನಂಬರ್ ಬಂದಿದೆ. ಉತ್ತರ ಬಂದ ದಿನ ಇದೇ ಕಾರ್ಯಕ್ರಮದಲ್ಲಿ ಹೇಳ್ತೀನಿ.